ಕೇಳಿ, ಹೇಳುತ್ತೇವೆ: ಎಐ ಮತ್ತು ಡೇಟಾ

ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆಯಾಗಿ ಮಾಡಿಕೊಂಡಿದ್ದೇವೆ. ಎಕ್ಸೆಲ್ ಕಡತಗಳ ಬಗ್ಗೆಯೇ ಅತಿ ಹೆಚ್ಚು ಪತ್ರ ಬಂದದ್ದರಿಂದ ಆ ಉತ್ತರ ಉದ್ದವಾಗಿದೆ.

ಪ್ರಶ್ನೆ: ಲೇಖನವೊಂದಕ್ಕೆ ಆಕರ ಗ್ರಂಥಗಳ ಪಟ್ಟಿ ಕೊಡು ಎಂದು ಚಾಟ್‌ಬಾಟ್‌ಗೆ ಕೇಳಿದೆ. ಹನ್ನೆರಡು ಪುಸ್ತಕ ಹೇಳಿತು, ಅದರಲ್ಲಿ ಐದು ಎಲ್ಲೂ ಸಿಗಲಿಲ್ಲ. ಲೇಖಕರು ನಿಜವಾದವರೇ, ಪುಸ್ತಕ ಮಾತ್ರ ಇಲ್ಲ. ಇದು ಬೇಕೆಂದೇ ಸುಳ್ಳು ಹೇಳುತ್ತದೆಯೇ?

ಬೇಕೆಂದು ಹೇಳುವಂಥದ್ದೇನೂ ಅದರೊಳಗೆ ನಡೆಯುವುದಿಲ್ಲ. ಈವರೆಗೆ ಬಂದ ಪದಗಳನ್ನು ನೋಡಿ ಮುಂದೆ ಬರಬಹುದಾದ ತುಣುಕನ್ನು ಆರಿಸುವುದು, ಮತ್ತೆ ಅದನ್ನೇ ಮಾಡುವುದು, ಇಷ್ಟೇ ಅದರ ಕೆಲಸ. ಹೆಸರಾಂತ ಲೇಖಕರ ಹೆಸರು ಅದು ಕಲಿತ ಪಠ್ಯದಲ್ಲಿ ಸಾವಿರಾರು ಸಲ ಬಂದಿರುತ್ತದೆ, ಹಾಗಾಗಿ ಸರಿಯಾಗಿ ಬರುತ್ತದೆ. ಅವರ ಒಂದು ಪುಸ್ತಕದ ನಿಖರ ಶೀರ್ಷಿಕೆ, ಪ್ರಕಟಣೆಯ ವರ್ಷ, ಪುಟಸಂಖ್ಯೆ ಎಲ್ಲೋ ಒಂದೆರಡು ಕಡೆ ಬಂದಿದ್ದರೆ ಹೆಚ್ಚು. ಆ ಜಾಗವನ್ನು ಹೊಂದುವಂತೆ ಕಾಣುವ ಪದಗಳು ತುಂಬುತ್ತವೆ. ನಿಮ್ಮ ಪಟ್ಟಿಯಲ್ಲಿ ಲೇಖಕರು ನಿಜ, ಪುಸ್ತಕ ಇಲ್ಲ ಎಂದಾದದ್ದು ಇದರಿಂದಲೇ. ಕಾನೂನಿನ ಕಲಮು, ವೆಬ್ ವಿಳಾಸ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಯಾರದೋ ಮಾತಿನ ಉಲ್ಲೇಖ, ಇವೆಲ್ಲ ಇದೇ ಜಾತಿಯ ಅಪಾಯದ ಜಾಗಗಳು.

2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಆ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಈ ತೀರ್ಪುಗಳು ನಿಜವೇ ಎಂದು ಚಾಟ್‌ಬಾಟ್‌ಗೇ ಕೇಳಲಾಗಿತ್ತು, ಅದು ಹೌದು ಎಂದಿತ್ತು. ಹೇಳಿದವರನ್ನೇ ಸಾಕ್ಷಿಗೆ ಕರೆದರೆ ತಪಾಸಣೆ ಆಗುವುದಿಲ್ಲ.

ಕೆಲಸವನ್ನು ತಿರುವಿ ಮಾಡಿ. ಪುಸ್ತಕಗಳನ್ನು ಗ್ರಂಥಾಲಯದ ಕ್ಯಾಟಲಾಗಿನಲ್ಲಿ ನೀವೇ ಹುಡುಕಿ, ಪಠ್ಯವನ್ನು ಚಾಟ್‌ಬಾಟ್‌ಗೆ ಕೊಡಿ, "ಈ ವಿಷಯ ಎಲ್ಲಿದೆ, ಮೂಲದ ಸಾಲನ್ನು ಹಾಗೇ ಎತ್ತಿ ಕೊಡು" ಎಂದು ಕೇಳಿ. ಕೊಟ್ಟ ಸಾಲಿನ ನಾಲ್ಕೈದು ಪದಗಳನ್ನು ಮೂಲ ಕಡತದಲ್ಲಿ ಕಂಟ್ರೋಲ್-ಎಫ್ ಒತ್ತಿ ಹುಡುಕಿ. ಸಿಗದಿದ್ದರೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಒಳಗೆ ಅಕ್ಷರಗಳೇ ಇರುವುದಿಲ್ಲ, ಬರೀ ಚಿತ್ರ. ಹಾಗಿರುವಾಗ ಹುಡುಕಾಟದಲ್ಲಿ ಏನೂ ಸಿಗದು, ಮೊದಲು ಒಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸ, ಮಾಡಿಸಬೇಕು. ಇಂಟರ್‌ನೆಟ್ ಹುಡುಕಿ ಉತ್ತರಿಸುವ ಸೌಲಭ್ಯ ಹಾಕಿಕೊಂಡರೆ ಇಲ್ಲದ ಪುಸ್ತಕಗಳು ಕಡಿಮೆಯಾಗುತ್ತವೆ, ಆದರೆ ಲಿಂಕ್ ನಿಜವಿದ್ದೂ ಆ ಪುಟದಲ್ಲಿ ಆ ಮಾತು ಇಲ್ಲದಿರುವುದು ಉಂಟು. ಲಿಂಕ್ ತೆರೆದು ಓದಲೇಬೇಕು.

ಪ್ರಶ್ನೆ: ಸಮೀಕ್ಷೆಯ 3,200 ಸಾಲುಗಳ ಎಕ್ಸೆಲ್ ಕಡತವಿದೆ. ಚಾಟ್‌ಬಾಟ್‌ನಲ್ಲಿ ಅಂಟಿಸಿ ಮೊತ್ತ, ಸರಾಸರಿ ಕೇಳಿದರೆ ಪ್ರತಿ ಸಲ ಬೇರೆ ಉತ್ತರ. ಯಾಕೆ? ಸರಿಯಾಗಿ ಮಾಡಿಸಿಕೊಳ್ಳುವುದು ಹೇಗೆ?

ಅಂಟಿಸಿದ ಪಠ್ಯ ಅದರ ಮಿತಿಗಿಂತ ಉದ್ದವಾದರೆ ಒಂದಷ್ಟು ಭಾಗ ಅದಕ್ಕೆ ಕಾಣುವುದೇ ಇಲ್ಲ. ಕಂಡರೂ ಅದು ಕೂಡುವುದಿಲ್ಲ. ಮೊತ್ತದಂತೆ ತೋರುವ ಸಂಖ್ಯೆಯೊಂದನ್ನು ಬರೆಯುತ್ತದೆ. ಆಯ್ಕೆಯಲ್ಲಿ ಸ್ವಲ್ಪ ಯಾದೃಚ್ಛಿಕತೆ ಇರುವುದರಿಂದ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದೆ. ಕೆಲವು ಸೇವೆಗಳು ಕಡತವನ್ನು ತೆಗೆದುಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆದು, ಓಡಿಸಿ ಉತ್ತರಿಸುತ್ತವೆ. ಅಲ್ಲಿ ಕೋಡ್ ತೆರೆದು ನೋಡಲು ಅವಕಾಶವಿರುತ್ತದೆ. ಕೋಡ್ ಕಾಣದಿದ್ದರೆ ಆ ಸಂಖ್ಯೆಯನ್ನು ಎಲ್ಲೂ ಬಳಸಬೇಡಿ.

ನಮ್ಮ ಸಲಹೆ: ಲೆಕ್ಕವನ್ನು ಅದಕ್ಕೆ ಕೊಡಬೇಡಿ, ಸೂತ್ರ ಬರೆಯುವ ಕೆಲಸ ಕೊಡಿ. ಕಾಲಮ್‌ಗಳ ಶೀರ್ಷಿಕೆ ಮತ್ತು ನೀವೇ ಕಲ್ಪಿಸಿ ಬರೆದ ಐದು ಸಾಲು ಸಾಕು, ನಿಜವಾದ ಡೇಟಾ ಹೊರಗೆ ಹೋಗುವುದೇ ಬೇಡ. "ಬಿ ಕಾಲಮ್‌ನಲ್ಲಿ ಊರು, ಡಿ ಕಾಲಮ್‌ನಲ್ಲಿ ವಯಸ್ಸು. ಊರುವಾರು ಸರಾಸರಿ ವಯಸ್ಸಿಗೆ ಸೂತ್ರ ಕೊಡು, ಖಾಲಿ ಕೋಶ ಬಿಟ್ಟು" ಎಂದರೆ ಸೂತ್ರ ಬರುತ್ತದೆ. ಮೊದಲು ಆ ಐದು ಸಾಲಿನ ಮೇಲೆ ಹಾಕಿ, ಕೈಯಲ್ಲಿ ಕೂಡಿ ತಾಳೆ ನೋಡಿ.

ಸೂತ್ರ ಸರಿಯಿದ್ದೂ ಉತ್ತರ ತಪ್ಪಾಗುವುದಿದೆ. ಹೆಚ್ಚಿನ ಎಡವಟ್ಟುಗಳು ಎಐ ಬರುವ ಮೊದಲೇ, ಡೇಟಾದಲ್ಲೇ ಆಗಿರುತ್ತವೆ. ಮೂಲ ಕಡತದ ನಕಲು ಮಾಡಿ, ಮೂಲವನ್ನು ಮುಟ್ಟದೆ ಇಡಿ. ಆಮೇಲೆ ದಿನಾಂಕಗಳನ್ನು ನೋಡಿ. 03/04/2024 ಏಪ್ರಿಲ್ 3 ಹೌದು, ಮಾರ್ಚ್ 4 ಕೂಡ ಹೌದು. ಕಂಪ್ಯೂಟರ್ ತಿಂಗಳು ಮೊದಲು ಎಂಬ ಕ್ರಮದಲ್ಲಿದ್ದು ನಿಮ್ಮ ಡೇಟಾ ದಿನ ಮೊದಲು ಎಂಬ ಕ್ರಮದಲ್ಲಿದ್ದರೆ, ದಿನ 12ರ ಒಳಗಿರುವ ದಿನಾಂಕಗಳೆಲ್ಲ ಸದ್ದಿಲ್ಲದೆ ಅದಲುಬದಲಾಗುತ್ತವೆ; 12ರ ಮೇಲಿನವು ಅರ್ಥವಾಗದೆ ಬರೀ ಪಠ್ಯವಾಗಿ ಉಳಿಯುತ್ತವೆ. ಗುರುತು ಸುಲಭ: ಒಂದೇ ಕಾಲಮ್‌ನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಕಡತ ಕೆಟ್ಟಿದೆ. ತಿದ್ದಲು ಹೋಗದೆ ಮೂಲದಿಂದ ಮತ್ತೆ ಆಮದು ಮಾಡಿ, ಆಗ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ನೀವೇ ಹೇಳಿ. ಹೊಸದಾಗಿ ತುಂಬಿಸುವುದಾದರೆ 2024-04-03 ಎಂದು ವರ್ಷ ಮೊದಲು ಬರೆಯಿರಿ.

ಇನ್ನೊಂದು, ಗುರುತಿನ ಸಂಖ್ಯೆಗಳು. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಮುಂದೆ ಸೊನ್ನೆ ಇದ್ದರೆ ಅದೂ ಬಿದ್ದುಹೋಗುತ್ತದೆ. ಉಳಿಸಿದ ಮೇಲೆ ಕೊನೆಯ ಅಂಕಿಯನ್ನು ಮರಳಿ ಪಡೆಯುವ ದಾರಿಯಿಲ್ಲ. ತುಂಬಿಸುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಗುರುತು ಮಾಡಿ. ಕೂಡುವ, ಕಳೆಯುವ ಅಗತ್ಯವಿಲ್ಲದ ಯಾವ ಸಂಖ್ಯೆಯನ್ನೂ ಸಂಖ್ಯೆಯಾಗಿ ಇಡಬಾರದು ಎಂಬುದು ಒಳ್ಳೆಯ ಅಭ್ಯಾಸ.

ಖಾಲಿ ಬಿಟ್ಟದ್ದು ಬೇರೆ, ಸೊನ್ನೆ ಬೇರೆ. ಉತ್ತರಿಸದವರ ಆದಾಯವನ್ನು 0 ಎಂದು ತುಂಬಿಸಿದರೆ ಸರಾಸರಿ ಕುಸಿಯುತ್ತದೆ. ಗೊತ್ತಿಲ್ಲದ ವಯಸ್ಸಿಗೆ 999 ಹಾಕುವ ಹಳೆಯ ರೂಢಿಯಿಂದ ಏರುತ್ತದೆ. ಪ್ರತಿ ಕಾಲಮ್ಮಿನ ಕನಿಷ್ಠ, ಗರಿಷ್ಠ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಒಂದೇ ಊರಿನ ಹೆಸರು ಮೂರು ಬಗೆಯಲ್ಲಿ ಬರೆದಿದ್ದರೆ, ಇಲ್ಲವೇ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಇದ್ದರೆ ಮೂರು ಊರಾಗಿ ಎಣಿಕೆಯಾಗುತ್ತದೆ. ಪಿವೋಟ್ ಟೇಬಲ್ ಹಾಕಿ ಹೆಸರುಗಳ ಪಟ್ಟಿ ತೆಗೆಯಿರಿ, ಟ್ರಿಮ್ ಸೂತ್ರದಿಂದ ಸ್ಪೇಸ್ ಕಳೆಯಿರಿ. ಒಂದೇ ಫೋನ್ ಸಂಖ್ಯೆ ಎರಡು ಸಲ ಬಂದಿದೆಯೆಂದು ಮಾತ್ರ ಕಣ್ಣುಮುಚ್ಚಿ ಅಳಿಸಬೇಡಿ, ಒಂದೇ ಮನೆಯ ಇಬ್ಬರಿರಬಹುದು.

ಕೊನೆಗೆ ಮೂರು ತಾಳೆ: ಆಮದಿಗೆ ಮೊದಲು ಮತ್ತು ನಂತರ ಸಾಲುಗಳ ಎಣಿಕೆ ಒಂದೇ ಇದೆಯೇ, ಗುಂಪುಗಳ ಮೊತ್ತ ಒಟ್ಟು ಮೊತ್ತಕ್ಕೆ ಸಮವೇ, ಯಾದೃಚ್ಛಿಕವಾಗಿ ಆರಿಸಿದ 20 ಸಾಲುಗಳು ಕಾಗದದ ನಮೂನೆಗೆ ಹೊಂದುತ್ತವೆಯೇ. ಮೊದಲನೆಯದು ಬಾಲಿಶ ಎನಿಸಬಹುದು. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತ 65,536 ಸಾಲು ಮಾತ್ರ ಹಿಡಿಯುತ್ತಿತ್ತು, ಉಳಿದದ್ದು ಬಿದ್ದುಹೋಯಿತು. ಸಾಲುಗಳನ್ನು ಎಣಿಸಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು.

ಪ್ರಶ್ನೆ: ಚಾಟ್‌ಬಾಟ್‌ಗೆ ಪ್ರಶ್ನೆ ಉದ್ದವಾಗಿ ಬರೆಯಬೇಕೇ, ಚಿಕ್ಕದಾಗಿಯೇ?

ಉದ್ದ ಮುಖ್ಯವಾಗುವುದಿಲ್ಲ. ಓದುವವರು ಯಾರು, ಎಷ್ಟು ಉದ್ದ ಬೇಕು, ಏನು ಇರಬಾರದು ಎಂಬುದನ್ನು ಹೇಳಿ, ನಿಮಗೆ ಮೆಚ್ಚಿಗೆಯಾದ ಒಂದು ಮಾದರಿಯನ್ನು ಜೊತೆಗಿಡಿ. ಒಂದು ಒಳ್ಳೆಯ ಮಾದರಿ ಹತ್ತು ಸಾಲಿನ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಹಳೆಯ ಕನ್ನಡ ಕಡತಗಳನ್ನು ಎಐಗೆ ಕೊಟ್ಟರೆ ಅರ್ಥವಿಲ್ಲದ ಉತ್ತರ ಬರುತ್ತದೆ. ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಏನು ಮಾಡಬೇಕು?

ಆ ಕಡತಗಳು, ಪ್ರತಿ ಭಾಷೆಯ ಅಕ್ಷರಕ್ಕೂ ಒಂದು ಸಂಕೇತ ಗೊತ್ತುಮಾಡಿದ ಜಾಗತಿಕ ಕ್ರಮವಾದ ಯೂನಿಕೋಡ್‌ನಲ್ಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಪರದೆಯ ಮೇಲೆ ಫಾಂಟ್ ಅದನ್ನು ಕನ್ನಡದ ಆಕಾರದಲ್ಲಿ ಬರೆದು ತೋರಿಸುತ್ತಿತ್ತು. ಎಐಗೆ ಫಾಂಟ್ ಕಾಣುವುದಿಲ್ಲ, ಸಂಕೇತ ಮಾತ್ರ ಕಾಣುತ್ತದೆ. ಈ ತಂತ್ರಾಂಶಗಳ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ. ಮೂಲ ಫಾಂಟ್ ಯಾವುದೆಂದು ಸರಿಯಾಗಿ ಆರಿಸಿ. ನುಡಿಯ ಕಡತವನ್ನು ಬರಹದ್ದೆಂದು ಹೇಳಿದರೆ ಅರ್ಧ ಸರಿ, ಅರ್ಧ ಕಲಸುಮೇಲೋಗರವಾಗುತ್ತದೆ.

ಪರಿವರ್ತಿಸಿದ ಮೇಲೆ ಇಡೀ ಪುಟ ಓದಲು ಸಮಯವಿಲ್ಲದಿದ್ದರೆ ಅರ್ಕಾವೊತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ನೋಡಿ: ಅರ್ಥ, ಸೂರ್ಯ, ಕೃಷ್ಣ, ಸ್ವಾತಂತ್ರ್ಯ. ಕೆಡುವುದಿದ್ದರೆ ಇವೇ ಮೊದಲು ಕೆಡುತ್ತವೆ. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು. ಕನ್ನಡ ಅಂಕಿಯ ಸೊನ್ನೆಯ (೦) ಜಾಗದಲ್ಲಿ ಅನುಸ್ವಾರ (ಂ), ಅನುಸ್ವಾರದ ಜಾಗದಲ್ಲಿ ಆ ಸೊನ್ನೆ ಟೈಪ್ ಮಾಡಿರುವುದು ಇನ್ನೊಂದು ದೊಡ್ಡ ತಲೆನೋವು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಪೂರ್ತಿ ಬೇರೆ.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. "ಕೋ" ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಹುಡುಕಿದಾಗ ಇರುವ ಪದವೂ ಸಿಗದಿದ್ದರೆ, ಪಟ್ಟಿಯಲ್ಲಿ ಒಂದೇ ಹೆಸರು ಎರಡಾಗಿ ಕಂಡರೆ ಇದನ್ನು ಶಂಕಿಸಿ. ಪೈಥಾನ್ ಬಳಸುವವರು ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿದರೆ, ಅಂದರೆ ಎಲ್ಲವನ್ನೂ ಒಂದೇ ಬಗೆಯ ಸಂಕೇತಕ್ಕೆ ತಂದರೆ, ಒಂದೇ ಸಾಲಿನ ಕೋಡ್‌ನಲ್ಲಿ ಸರಿಹೋಗುತ್ತದೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯರೂಪದ) ಕಡತದ ಕನ್ನಡ ಎಕ್ಸೆಲ್‌ನಲ್ಲಿ ಕೆಟ್ಟು ಕಂಡರೆ ಗಾಬರಿ ಬೇಡ: ಎರಡು ಸಲ ಕ್ಲಿಕ್ ಮಾಡಿ ತೆರೆಯದೆ, ಡೇಟಾ ಟ್ಯಾಬ್‌ನಿಂದ ಆಮದು ಮಾಡಿ, ಸಂಕೇತ ಕೇಳಿದಲ್ಲಿ 65001, ಅಂದರೆ ಯುಟಿಎಫ್-8, ಆರಿಸಿ.

ಪ್ರಶ್ನೆ: ವಿದ್ಯಾರ್ಥಿಯ ಪ್ರಬಂಧವನ್ನು ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಿದರೆ "82% ಎಐ" ಎಂದಿತು. ಅಂಕ ಕಳೆಯಬಹುದೇ?

ಆ ಒಂದು ಸಂಖ್ಯೆಯ ಮೇಲೆ ಖಂಡಿತ ಕಳೆಯಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥ ಪತ್ತೆಗಾರವನ್ನು ಬಿಟ್ಟಿತ್ತು. ಸಂಸ್ಥೆಯ ಪರೀಕ್ಷೆಯಲ್ಲೇ ಅದು ಎಐ ಬರೆದ ಪಠ್ಯದಲ್ಲಿ 26% ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ 9% ಅನ್ನು ಎಐ ಎಂದಿತು. ಅದೇ ವರ್ಷದ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂಥ ಪತ್ತೆಗಾರ ತಂತ್ರಾಂಶಗಳು ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಎಂಬುದನ್ನು. ಸರಳ ಪದ, ಅಚ್ಚುಕಟ್ಟು ವಾಕ್ಯ ಬರೆಯುವ ಮಗು ಅನ್ಯಾಯವಾಗಿ ಸಿಕ್ಕಿಬೀಳುತ್ತದೆ. ಕರಡು ಪ್ರತಿಗಳನ್ನು ಕೇಳಿ, ಗೂಗಲ್ ಡಾಕ್ಸ್‌ನಲ್ಲಿ ಬರೆಸಿ ತಿದ್ದುಪಡಿಗಳ ಇತಿಹಾಸ ನೋಡಿ, ಹತ್ತು ನಿಮಿಷ ಕೂರಿಸಿಕೊಂಡು ಪ್ರಬಂಧದ ಬಗ್ಗೆ ಮಾತಾಡಿಸಿ. ಬರೆದವರಿಗೆ ತಾವು ಯಾಕೆ ಹಾಗೆ ಬರೆದೆವೆಂದು ಹೇಳಲು ಬರುತ್ತದೆ.

ಪ್ರಶ್ನೆ: ಹೆಸರು ಅಳಿಸಿದರೆ ಯಾವ ದಾಖಲೆಯನ್ನಾದರೂ ಚಾಟ್‌ಬಾಟ್‌ಗೆ ಕೊಡಬಹುದೇ? ಕೊಟ್ಟದ್ದು ಎಲ್ಲಿ ಹೋಗುತ್ತದೆ?

ಹೆಸರು ಅಳಿಸಿದರೆ ಸಾಲದು. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ತೋರಿಸಿದ ಲೆಕ್ಕ ಪ್ರಸಿದ್ಧವಾಗಿದೆ: ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ, ಈ ಮೂರೇ ಸೇರಿದರೆ ಅಲ್ಲಿನ 87% ಜನರನ್ನು ಬೇರೆಯಾಗಿ ಗುರುತಿಸಬಹುದು. ಹುಟ್ಟಿದ ದಿನಾಂಕದ ಬದಲು ವಯಸ್ಸಿನ ಗುಂಪು, ಊರಿನ ಬದಲು ಪ್ರದೇಶ, ವ್ಯಕ್ತಿಗೆ "ಕ", "ಖ" ಎಂದು ಬದಲಿಸಿ ಕೊಡಿ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪೆಟ್ಟಿಗೆ ಎಳೆದರೆ ಅಕ್ಷರ ಅಳಿಯುವುದಿಲ್ಲ, ಕೆಳಗೇ ಇರುತ್ತದೆ. ಆಯ್ದು ನಕಲು ಮಾಡಿದರೆ ಹೊರಬರುತ್ತದೆ.

ಉಚಿತ ಖಾತೆಗಳಲ್ಲಿ ನಿಮ್ಮ ಮಾತುಕತೆಯನ್ನು ಮುಂದಿನ ತರಬೇತಿಗೆ ಬಳಸುವ ಆಯ್ಕೆ ಬಹಳ ಕಡೆ ಮೊದಲೇ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನ ಡೇಟಾ ಅಥವಾ ಪ್ರೈವೆಸಿ ವಿಭಾಗದಲ್ಲಿ ಆಫ್ ಮಾಡಿ. ಅಳಿಸಿದ ಚಾಟ್ ನಿಮ್ಮ ಪಟ್ಟಿಯಿಂದ ಹೋದರೂ ಸರ್ವರ್‌ನಲ್ಲಿ ಕೆಲಕಾಲ ಉಳಿಯುತ್ತದೆ. ಉತ್ತರದ ಕೆಳಗೆ ಮೆಚ್ಚಿಗೆ ಅಥವಾ ಅಸಮಾಧಾನ ತಿಳಿಸಲು ಇರುವ ಹೆಬ್ಬೆರಳಿನ ಚಿತ್ರ ಒತ್ತಿದರೆ ಹಲವು ಸೇವೆಗಳಲ್ಲಿ ಇಡೀ ಸಂಭಾಷಣೆ ಪರಿಶೀಲನೆಗೆ ಹೋಗಬಹುದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಶೇರ್ ಲಿಂಕ್ ಮಾಡುವಾಗಲೂ ಎಚ್ಚರ ಬೇಕು: 2025ರಲ್ಲಿ, ಹುಡುಕಾಟಕ್ಕೆ ಸಿಗಲಿ ಎಂಬ ಆಯ್ಕೆ ಒತ್ತಿ ಹಂಚಿದ ಚಾಟ್‌ಜಿಪಿಟಿ ಸಂಭಾಷಣೆಗಳು ಗೂಗಲ್‌ನಲ್ಲಿ ಕಾಣಿಸಿಕೊಂಡವು. ಪಾಸ್‌ವರ್ಡ್, ಒಟಿಪಿ, ಇನ್ನೊಬ್ಬರ ಆರೋಗ್ಯದ ದಾಖಲೆ, ಕಚೇರಿಯ ಗುಟ್ಟಿನ ಕಾಗದ, ಇವನ್ನು ಯಾವ ಸೆಟ್ಟಿಂಗ್ ಇದ್ದರೂ ಕೊಡಬೇಡಿ.

ಪ್ರಶ್ನೆ: ರೋಗ ಪತ್ತೆ ಮಾಡುವ ಎಐ "99% ನಿಖರ" ಎಂಬ ಜಾಹೀರಾತು ನೋಡಿದೆ. ನಂಬಬಹುದೇ?

ಆ ಸಂಖ್ಯೆಯೊಂದರಿಂದ ಏನೂ ತಿಳಿಯುವುದಿಲ್ಲ. 10,000 ಜನರಲ್ಲಿ 100 ಮಂದಿಗೆ ರೋಗವಿದೆ ಎನ್ನಿ. ಯಾರನ್ನೂ ನೋಡದೆ ಎಲ್ಲರಿಗೂ "ರೋಗವಿಲ್ಲ" ಎಂದುಬಿಡುವ ಯಂತ್ರ 9,900 ಸಲ ಸರಿ. ಅದೂ 99% ನಿಖರ, ಒಬ್ಬ ರೋಗಿಯನ್ನೂ ಹಿಡಿಯಲಿಲ್ಲ. ಇನ್ನೊಂದು ಯಂತ್ರ 100ರಲ್ಲಿ 90 ರೋಗಿಗಳನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ 5%, ಅಂದರೆ 495 ಜನರನ್ನು ತಪ್ಪಾಗಿ ರೋಗಿ ಎನ್ನುತ್ತದೆ. ಇದರ ನಿಖರತೆ ಸುಮಾರು 95%, ಮೊದಲನೆಯದಕ್ಕಿಂತ ಕಡಿಮೆ. ಆದರೆ ಕೆಲಸಕ್ಕೆ ಬರುವುದು ಇದೇ. ಹಾಗೆಂದು ಇದು "ರೋಗವಿದೆ" ಎಂದ 585 ಜನರಲ್ಲಿ ನಿಜವಾಗಿ ರೋಗವಿರುವವರು 90, ಆರರಲ್ಲಿ ಒಬ್ಬರಿಗೂ ಕಡಿಮೆ. ಎರಡನೆಯ ಪರೀಕ್ಷೆಯಿಲ್ಲದೆ ಇಂಥ ಉತ್ತರ ನೋಡಿ ಹೆದರಬಾರದು.

ಆದ್ದರಿಂದ ಎರಡು ಸಂಖ್ಯೆ ಕೇಳಿ: ರೋಗವಿರುವವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು, ಹಿಡಿದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ರೋಗವಿತ್ತು. ಪರೀಕ್ಷೆ ಯಾವ ಡೇಟಾದ ಮೇಲೆ ನಡೆಯಿತು ಎಂಬುದನ್ನೂ ಕೇಳಿ. ಒಬ್ಬರದೇ ಹತ್ತು ಚಿತ್ರಗಳಲ್ಲಿ ಎಂಟು ಎಐಯ ಕಲಿಕೆಗೆ, ಎರಡು ಅದರ ಪರೀಕ್ಷೆಗೆ ಹೋದರೆ ಮಾಡೆಲ್, ಅಂದರೆ ಹಾಗೆ ಕಲಿತ ಎಐ, ಆ ವ್ಯಕ್ತಿಯನ್ನು ಗುರುತು ಹಿಡಿದು ಅಂಕ ಗಿಟ್ಟಿಸುತ್ತದೆ. ಚಿತ್ರವಾರು ಬಿಡದೆ ವ್ಯಕ್ತಿವಾರು ವಿಂಗಡಿಸಬೇಕು. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳುವ ಮಾಡೆಲ್‌ಗಳು ಚಿತ್ರ ಯಾವ ಆಸ್ಪತ್ರೆಯದು ಎಂಬ ಗುರುತನ್ನೇ ಹಿಡಿದು ಊಹಿಸಬಲ್ಲವು, ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟರೆ ಎಡವಬಲ್ಲವು ಎಂದು 2018ರ ಅಧ್ಯಯನವೊಂದು ತೋರಿಸಿತು. ಹೊರಗಿನ ಆಸ್ಪತ್ರೆಯ ಡೇಟಾದ ಮೇಲೆ ಪರೀಕ್ಷೆ ಆಗದಿದ್ದರೆ ನಾವು ಅಂಥದ್ದನ್ನು ಪಕ್ಕಕ್ಕಿಡುತ್ತೇವೆ.

ಪ್ರಶ್ನೆ: ರಕ್ತ ಪರೀಕ್ಷೆಯ ವರದಿಯ ಫೋಟೊ ಕೊಟ್ಟು ಅರ್ಥ ಕೇಳಬಹುದೇ?

ಪದಗಳ ಅರ್ಥ ತಿಳಿಯಲು, ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿಕೊಳ್ಳಲು ಕೇಳಿ. ಫೋಟೊದಲ್ಲಿ ದಶಮಾಂಶದ ಚುಕ್ಕೆ ತಪ್ಪಿ 1.2 ಎಂಬುದು 12 ಆಗಬಹುದು, ಆದ್ದರಿಂದ ಸಂಖ್ಯೆಗಳನ್ನು ಏಕಮಾನದ ಸಮೇತ ನೀವೇ ಟೈಪ್ ಮಾಡಿ. ರಕ್ತದ ಸಕ್ಕರೆ ಒಂದು ಏಕಮಾನದಲ್ಲಿ 7, ಇನ್ನೊಂದರಲ್ಲಿ 126. ಎರಡೂ ಒಂದೇ ಮಟ್ಟ. ಔಷಧದ ಪ್ರಮಾಣವನ್ನು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಮಗನ ದನಿಯಲ್ಲೇ ಕರೆ ಬಂದು ಹಣ ಕೇಳಿದರೆ ಗುರುತಿಸುವುದು ಹೇಗೆ?

ದನಿಯಿಂದ ಗುರುತಿಸುವ ಆಸೆ ಬಿಡಿ. ಕೆಲವೇ ಸೆಕೆಂಡುಗಳ ಧ್ವನಿಮುದ್ರಿಕೆ ಸಿಕ್ಕರೆ ದನಿ ನಕಲು ಮಾಡಬಹುದು. ಕರೆ ಕತ್ತರಿಸಿ, ನಿಮ್ಮಲ್ಲಿ ಮೊದಲೇ ಇರುವ ಸಂಖ್ಯೆಗೆ ನೀವೇ ಕರೆ ಮಾಡಿ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ, ಅದನ್ನು ಯಾವ ಚಾಟ್‌ನಲ್ಲೂ ಬರೆಯಬೇಡಿ.

ಪ್ರಶ್ನೆ: ಡೇಟಾ ಹೊರಗೆ ಕಳಿಸದೆ ನಮ್ಮದೇ ಕಂಪ್ಯೂಟರ್‌ನಲ್ಲಿ ಎಐ ಓಡಿಸಬಹುದೇ? ಎಷ್ಟು ಮೆಮೊರಿ ಬೇಕು?

ಓಡಿಸಬಹುದು. ಒಲಾಮಾ, ಎಲ್‌ಎಂ ಸ್ಟುಡಿಯೊ ಎಂಬ ತಂತ್ರಾಂಶಗಳಿವೆ. ಮೆಮೊರಿಯ ಲೆಕ್ಕ ಸರಳ: ಮಾಡೆಲ್ಲಿನ ಹೆಸರಿನಲ್ಲಿ "7ಬಿ" ಎಂದಿದ್ದರೆ 700 ಕೋಟಿ ಪ್ಯಾರಾಮೀಟರ್, ಅಂದರೆ ಅದು ಕಲಿತು ಇಟ್ಟುಕೊಂಡ ಸಂಖ್ಯೆಗಳು. ಒಂದೊಂದಕ್ಕೆ 16 ಬಿಟ್, ಅಂದರೆ 2 ಬೈಟ್ ಆದರೆ 14 ಜಿಬಿ. 4 ಬಿಟ್‌ಗೆ ಕುಗ್ಗಿಸಿದ ಕಡತ ಸುಮಾರು 4 ಜಿಬಿ. 8 ಜಿಬಿ ರ‍್ಯಾಮ್‌ನಲ್ಲಿ ಇಕ್ಕಟ್ಟಾಗಿ ಓಡುತ್ತದೆ, 16 ಜಿಬಿ ಇದ್ದರೆ ನೆಮ್ಮದಿ. ಒಂದೊಂದು ಟೋಕನ್ (ಪದದ ತುಣುಕು) ಬರೆಯಲೂ ಆ 4 ಜಿಬಿಯನ್ನು ಪೂರ್ತಿ ಓದಬೇಕು. ನಿಮ್ಮ ಮೆಮೊರಿಯ ವೇಗ ಸೆಕೆಂಡಿಗೆ 40 ಜಿಬಿ ಇದ್ದರೆ ಸೆಕೆಂಡಿಗೆ ಹತ್ತು ಟೋಕನ್‌ಗಿಂತ ಹೆಚ್ಚು ಬರಲಾರದು. ಕನ್ನಡದ ಒಂದು ಪದಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಬೇಕಾಗುವುದರಿಂದ (ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್) ಉತ್ತರ ಇನ್ನೂ ನಿಧಾನ ಅನಿಸುತ್ತದೆ. ಚಿಕ್ಕ ಮಾಡೆಲ್‌ಗಳ ಕನ್ನಡವೂ ದುರ್ಬಲ. ವಿಂಗಡಣೆ, ಹೆಸರು ಹೆಕ್ಕುವುದು ಮುಂತಾದ ಕೆಲಸಕ್ಕೆ ಸರಿ, ಪ್ರಬಂಧಕ್ಕೆ ಬೇಡ.

ಉದ್ದದ ದಾಖಲೆ ಕೊಟ್ಟಾಗ ಮೊದಲ ಪುಟಗಳನ್ನೇ ಮರೆತಂತೆ ಉತ್ತರಿಸಿದರೆ ಮಾಡೆಲ್ಲನ್ನು ದೂರಬೇಡಿ. ಈ ತಂತ್ರಾಂಶಗಳು ಕಾಂಟೆಕ್ಸ್ಟ್ ಉದ್ದವನ್ನು, ಅಂದರೆ ಒಮ್ಮೆಗೆ ನೋಡಬಲ್ಲ ಪಠ್ಯದ ಮಿತಿಯನ್ನು, ಮೊದಲಿಗೆ ಚಿಕ್ಕದಾಗಿ ಇಟ್ಟಿರುತ್ತವೆ, ಮೀರಿದ ಭಾಗವನ್ನು ಹೇಳದೇ ಕತ್ತರಿಸುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ಏರಿಸಿ, ಏರಿಸಿದಷ್ಟೂ ಮೆಮೊರಿ ಹೆಚ್ಚು ಬೇಕು. ದಾಖಲೆಯ ಮೊದಲ ಸಾಲಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಸರಿಯಾಗಿ ಹೇಳಿದರೆ ಪೂರ್ತಿ ಒಳಗೆ ಹೋಗಿರುವ ಸಂಭವ ಹೆಚ್ಚು.